ಕೇಳದೇ ತಂದಿಟ್ಟ ತಟ್ಟೆ ಸುಲಿಗೆಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಇಂಡೊನೇಷ್ಯಾ ಪ್ರವಾಸದ ಲೇಖನ ಓದಿದೆ. ದೇವಾಲಯ, ಜ್ವಾಲಾಮುಖಿಗಳ ಬಗ್ಗೆ ಬರೆದದ್ದಕ್ಕೆ ನನ್ನ ತಕರಾರಿಲ್ಲ. ಊಟದ ಬಗೆಗಿನ ಪ್ಯಾರಾ ಮಾತ್ರ ಸುಮ್ಮನೆ ಬಿಡುವಂಥದ್ದಲ್ಲ. ಜಕಾರ್ತದ ಪಡಾಂಗ್ ಹೋಟೆಲೊಂದರಲ್ಲಿ (ಸುಮಾತ್ರ ದ್ವೀಪದ ಪಡಾಂಗ್ ಊರಿನ ಅಡುಗೆಯ ಹೋಟೆಲು) ಕೂತ ಕೂಡಲೇ ಕೇಳದೇ ಹತ್ತು ಹನ್ನೆರಡು ತಟ್ಟೆ ತಂದಿಟ್ಟರಂತೆ. ಇದು ಪ್ರವಾಸಿಗರನ್ನು ಸುಲಿಯುವ ಉಪಾಯ ಎಂದು ಗಾಬರಿಯಾಗಿ ಲೇಖಕರು ಮನೆಮಂದಿಯೊಂದಿಗೆ ಎದ್ದು ಬಂದರಂತೆ. ಆದ್ದರಿಂದ ಕನ್ನಡಿಗರು ಅಲ್ಲಿನ ಅಗ್ಗದ ಹೋಟೆಲುಗಳ ಸಹವಾಸಕ್ಕೆ ಹೋಗದೆ ಮಾಲ್‌ಗಳ ಭಾರತೀಯ ರೆಸ್ಟೊರೆಂಟುಗಳಲ್ಲೇ ಉಣ್ಣುವುದು ಕ್ಷೇಮವಂತೆ.

ನಾನು ಜಕಾರ್ತದ ಪಕ್ಕದ ಬೆಕಾಸಿಯಲ್ಲಿ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿದ್ದೇನೆ. ಕೋವಿಡ್‌ಗೆ ಮುಂಚಿನಿಂದಲೂ ನನ್ನ ಮಧ್ಯಾಹ್ನದ ಊಟ ಇಂಥ ಅಗ್ಗದ ಹೋಟೆಲುಗಳಲ್ಲೇ ನಡೆದಿದೆ. ಆ ತಟ್ಟೆಗಳ ಲೆಕ್ಕ ಓದುಗರಿಗೆ ತಿಳಿದರೆ ಒಳ್ಳೆಯದು.

ಪಡಾಂಗ್ ಹೋಟೆಲಿನಲ್ಲಿ ಮೆನು ಕಾರ್ಡು ನೋಡಿ ಆರ್ಡರ್ ಮಾಡುವ ಪದ್ಧತಿಯೇ ಇಲ್ಲ. ಹುಡುಗ ಟ್ರೇ ಕೂಡ ಹಿಡಿಯದೆ, ಮುಂಗೈಯಿಂದ ಮೊಣಕೈವರೆಗೆ ಒಂದರ ಮೇಲೊಂದು ತಟ್ಟೆ ಪೇರಿಸಿಕೊಂಡು ಬಂದು ಮೇಜಿನ ತುಂಬ ಹರಡುತ್ತಾನೆ. ಅಡುಗೆ ಇರುವಷ್ಟನ್ನೂ ಕಣ್ಣ ಮುಂದಿಡುವುದು ಅವರ ಕ್ರಮ. ನೀವು ಮುಟ್ಟಿದ್ದಕ್ಕೆ ಮಾತ್ರ ದುಡ್ಡು. ಎರಡು ತುಂಡಿದ್ದ ತಟ್ಟೆಯಿಂದ ಒಂದು ತಿಂದರೆ ಒಂದರದೇ ಲೆಕ್ಕ. ಊಟ ಮುಗಿದ ಮೇಲೆ ಒಬ್ಬ ಬಂದು ಮೇಜಿನ ಮೇಲೊಮ್ಮೆ ಕಣ್ಣಾಡಿಸಿ, ಖಾಲಿಯಾದದ್ದನ್ನು ಎಣಿಸಿ ಚೀಟಿ ಬರೆಯುತ್ತಾನೆ. ಮುಟ್ಟದ ತಟ್ಟೆ ಗಾಜಿನ ಕಪಾಟಿಗೆ ವಾಪಸು. ಅದು ಮುಂದಿನ ಮೇಜಿಗೆ ಹೋಗುವುದೂ ನಿಜ. ಎಂಜಲು ಮುಸುರೆಯ ಚಿಂತೆ ಇರುವವರಿಗೆ ಇದು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೆ ಬೇಡದ್ದನ್ನು ಆಗಲೇ ಕೈಸನ್ನೆ ಮಾಡಿ ವಾಪಸು ಕಳಿಸಬಹುದು, ಯಾರೂ ಮುಖ ಸಿಂಡರಿಸುವುದಿಲ್ಲ. ಎದ್ದು ಓಡುವ ಅಗತ್ಯವಂತೂ ಇಲ್ಲ. ಒಂದು ಎಚ್ಚರಿಕೆ ಲೇಖಕರು ಹೇಳಬೇಕಿತ್ತು, ಹೇಳಿಲ್ಲ: ತೆಂಗಿನಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಒಣಗಿಸುವ, ಕಪ್ಪು ತಿರುಗಿದ ರೆಂಡಾಂಗ್ ಸಾಮಾನ್ಯವಾಗಿ ದನದ ಮಾಂಸದ್ದು. ತಿನ್ನದವರು ಕೇಳಿ ಮುಟ್ಟಬೇಕು.

ಈ ಹೋಟೆಲುಗಳನ್ನು ದೇಶದುದ್ದಕ್ಕೂ ಹಬ್ಬಿಸಿದವರು ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಜನ. ನಮ್ಮ ಕರಾವಳಿಯ ಅಳಿಯಕಟ್ಟಿನ ಹಾಗೆ ಅವರಲ್ಲೂ ಮನೆತನ ಸಾಗುವುದು ಹೆಣ್ಣಿನ ಕಡೆಯಿಂದ. ಹಿರಿಯರಿಂದ ಬಂದ ಮನೆ, ಗದ್ದೆ ಹೆಣ್ಣುಮಕ್ಕಳಿಗೆ. ಗಂಡು ಹುಡುಗರು ಪ್ರಾಯಕ್ಕೆ ಬಂದ ಮೇಲೆ ಊರು ಬಿಟ್ಟು ದುಡಿಯಲು ಹೋಗುವುದು ಅವರಲ್ಲಿ ಹಳೆಯ ರೂಢಿ. ಹಾಗೆ ಹೊರಟವರಲ್ಲಿ ಅನೇಕರು ಹಿಡಿದ ದಾರಿ ಹೋಟೆಲು. ಬೆಕಾಸಿಯ ನಮ್ಮ ಗಲ್ಲಿಗಳಲ್ಲಿರುವ ಸಣ್ಣ ಪಡಾಂಗ್ ಅಂಗಡಿಗಳಲ್ಲಿ ತಟ್ಟೆ ಹರಡುವ ವೈಭವವೂ ಇಲ್ಲ. ‘ಎಲ್ಲ ಹತ್ತು ಸಾವಿರ’, ‘ಎಲ್ಲ ಹನ್ನೆರಡು ಸಾವಿರ’ ಎಂದು ರುಪಿಯಾ ಲೆಕ್ಕದಲ್ಲಿ ಹೊರಗೆ ಬೋರ್ಡು ತೂಗುಹಾಕಿರುತ್ತಾರೆ. ಕಪಾಟಿನಲ್ಲಿರುವುದಕ್ಕೆ ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿ, ಬೇಯಿಸಿದ ಮರಗೆಣಸಿನ ಸೊಪ್ಪು, ಹಸಿಮೆಣಸಿನ ಚಟ್ನಿ ಬಡಿಸಿ, ಮೇಲಿಷ್ಟು ಗೊಜ್ಜು ಸುರಿದು ಕೊಡುತ್ತಾರೆ. ಪಾರ್ಸೆಲ್ ಕಟ್ಟಿಸಿದರೆ ಅನ್ನ ಇನ್ನೂ ಜಾಸ್ತಿ ಹಾಕುತ್ತಾರೆ. ಇಲ್ಲಿನವರಿಗೆಲ್ಲ ಗೊತ್ತಿರುವ ಸಂಗತಿ ಇದು. ತಿಂಗಳ ಕೊನೆಯಲ್ಲಿ ನಮ್ಮ ಕಾರ್ಖಾನೆಯ ಹುಡುಗರು ಪಾರ್ಸೆಲ್ಲನ್ನೇ ತರಿಸುತ್ತಾರೆ.

ಅದಕ್ಕಿಂತಲೂ ಅಗ್ಗದ, ಹೊಸಬರಿಗೆ ಇನ್ನೂ ಸುಲಭದ ಜಾಗ ವಾರುಂಗ್ ತೆಗಲ್. ಜನ ವಾರ್ತೆಗ್ ಎನ್ನುತ್ತಾರೆ. ಮಧ್ಯ ಜಾವಾದ ಉತ್ತರ ಕರಾವಳಿಯ ತೆಗಲ್ ಎಂಬ ಊರಿನ ಕಡೆಯವರು ನಡೆಸುವ ಅಂಗಡಿಗಳಿವು. ನಾನು ಹೋಗುವ ವಾರ್ತೆಗ್‌ನಲ್ಲಿ ಬಾಗಿಲ ಪಕ್ಕದಿಂದ ಒಳಗೋಡೆಯವರೆಗೂ ಗಾಜಿನ ಕಪಾಟು, ಅದರ ಮುಂದೆ ಒಂದು ಉದ್ದ ಬೆಂಚು, ಗೋಡೆಗೆ ಒಂದು ಫ್ಯಾನು, ಅಷ್ಟೇ. ಕಪಾಟಿನಲ್ಲಿ ಇಪ್ಪತ್ತಕ್ಕೆ ಕಮ್ಮಿಯಿಲ್ಲದಷ್ಟು ಬಗೆ: ಸಿಹಿ ಸೋಯಾ ಸಾಸಿನಲ್ಲಿ ಹುರಿದ ಟೆಂಪೆ (ಹೆಪ್ಪು ಹಾಕಿ ಗಟ್ಟಿಯಾಗಿಸಿದ ಸೋಯಾ ಕಾಳು) ಕಡ್ಡಿಗಳು, ಕರಿದ ತೋಫು, ಕೆಂಪು ಮೆಣಸಿನ ಗೊಜ್ಜಿನಲ್ಲಿ ಮುಳುಗಿದ ಮೊಟ್ಟೆ, ಬೀನ್ಸ್ ಪಲ್ಯ, ಸೀಮೆಬದನೆ ಮತ್ತು ಅಲಸಂಡೆ ಹಾಕಿದ ತೆಂಗಿನಹಾಲಿನ ಸಾರು, ಸಿಕ್ಕ ದಿನ ಹಲಸಿನ ಗುಜ್ಜೆ, ಮೀನು, ಕೋಳಿ. ಭಾಷೆಯೇ ಬೇಡ, ತೋರಿಸಿದರೆ ಸಾಕು. ಅನ್ನ ಅರ್ಧ ಸಾಕೆಂದರೆ ‘ನಾಸಿ ಸೆತೆಂಗಾ’ ಎನ್ನಿ.

ಅನ್ನ, ಟೆಂಪೆ, ಒಂದು ಪಲ್ಯ, ಒಂದು ಮೊಟ್ಟೆಗೆ ನಾನು ಕೊಡುವುದು ಹದಿನೈದರಿಂದ ಹದಿನೇಳು ಸಾವಿರ ರುಪಿಯಾ. ನಮ್ಮ ದುಡ್ಡಿನಲ್ಲಿ ಎಂಬತ್ತು, ತೊಂಬತ್ತು ರೂಪಾಯಿ. ಲೇಖಕರು ಹೊಗಳಿದಂಥ ಮಾಲ್‌ಗಳಲ್ಲಿ ಒಂದು ಮಸಾಲೆ ದೋಸೆಯೇ ಐವತ್ತು ಸಾವಿರ ದಾಟುತ್ತದೆ, ಜೊತೆಗೆ ಕೊಡುವ ಸಾಂಬಾರಿನ ವಿಷಯ ಎತ್ತದಿರುವುದೇ ಮೇಲು.

ಸುಲಿಗೆಯ ಮಾತಿಗೆ ಬರೋಣ. ವಾರ್ತೆಗ್‌ನಲ್ಲಿ ದುಡ್ಡು ಕೊಡುವುದು ಊಟ ಮುಗಿದ ಮೇಲೆ, ಅದೂ ತಿಂದದ್ದನ್ನು ನಮ್ಮ ಬಾಯಿಂದಲೇ ಒಪ್ಪಿಸಿ. ಕಪಾಟಿನ ಮೇಲೆ ತಟ್ಟೆಯಲ್ಲಿ ಬಜ್ಜಿಯಂಥ ಕರಿದ ತಿಂಡಿ ಇರುತ್ತದೆ, ಪಕ್ಕದಲ್ಲೇ ತಗಡಿನ ಡಬ್ಬದಲ್ಲಿ ಬಿಳಿ ಹಪ್ಪಳ. ಯಾರು ಎಷ್ಟು ಎತ್ತಿಕೊಂಡರೂ ಕೇಳುವವರಿಲ್ಲ. ಒಮ್ಮೆ ನನ್ನ ಪಕ್ಕ ಕೂತಿದ್ದ ಹಸಿರು ಜಾಕೆಟ್ಟಿನ ಬೈಕ್ ಟ್ಯಾಕ್ಸಿ ಹುಡುಗ ಎದ್ದು ನಿಂತು, ‘ಇಬು (ಅಮ್ಮಾ), ಅನ್ನ, ಮೀನು, ಟೀ, ಕರಿದದ್ದು ಮೂರು’ ಎಂದ. ಅಂಗಡಿಯಮ್ಮ ಸಾರಿನ ಪಾತ್ರೆಯಿಂದ ಸೌಟು ಕೂಡ ತೆಗೆಯದೆ, ‘ನಾಲ್ಕು’ ಎಂದರು. ಅವನ ತಟ್ಟೆಯಂಚಿನಲ್ಲಿ ಹಸಿಮೆಣಸಿನ ತೊಟ್ಟು ನಾಲ್ಕು ಬಿದ್ದಿದ್ದವು. ಕರಿದದ್ದನ್ನು ಮೆಣಸು ಕಚ್ಚಿಕೊಂಡೇ ತಿನ್ನುವುದು ಇಲ್ಲಿಯ ರೂಢಿ, ಒಂದಕ್ಕೊಂದು. ಹುಡುಗ ತೊಟ್ಟುಗಳನ್ನು ನೋಡಿ, ನಕ್ಕು, ನಾಲ್ಕರದ್ದೂ ಕೊಟ್ಟ. ಇಂಥ ಕಡೆ ಮೋಸ ಹೋಗುವ ಭಯ ಯಾರಿಗಾದರೂ ಇರಬೇಕಾದರೆ ಅದು ಅಂಗಡಿಯವರಿಗೇ.

ಆ ಅಮ್ಮನೂ ವರ್ಷವಿಡೀ ಇರುವವರಲ್ಲ. ಒಂದೇ ಅಂಗಡಿಯನ್ನು ಬಂಧು ಕುಟುಂಬಗಳು ಪಾಳಿಯಲ್ಲಿ ನಡೆಸುವುದು ತೆಗಲ್‌ನವರಲ್ಲಿ ವಾಡಿಕೆ. ಮೂರ್ನಾಲ್ಕು ತಿಂಗಳು ಇವರು, ಆಮೇಲೆ ಊರಿಂದ ಅವರು. ಇವರು ಊರಿಗೆ ಹೋಗಿ ಹೊಲ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಪಾಳಿ ಬದಲಾದ ವಾರ ಸಾರಿನ ಖಾರವೂ ಬದಲಾಗುತ್ತದೆ, ನಾವು ಎರಡು ದಿನ ಗೊಣಗುತ್ತೇವೆ. ಇವರ ಲಾಭ ಎಷ್ಟು ತೆಳುವೆಂದು ಇಲ್ಲಿಯ ಜನರಿಗೆ ಗೊತ್ತು. 2010ರ ಕೊನೆಯಲ್ಲಿ ಜಕಾರ್ತ ಆಡಳಿತ ವಾರ್ತೆಗ್‌ಗಳ ಮೇಲೂ ಶೇ 10ರ ತೆರಿಗೆ ಹಾಕಲು ಹೊರಟಾಗ ಎಷ್ಟು ಗಲಾಟೆಯಾಯಿತೆಂದರೆ ಗವರ್ನರ್ ಅದನ್ನು ಮುಂದೂಡಬೇಕಾಯಿತು. 2025ರ ಫೆಬ್ರುವರಿಯಲ್ಲಿ ಮೂರು ಕಿಲೋದ ಸಬ್ಸಿಡಿ ಗ್ಯಾಸ್ ಸಿಲಿಂಡರನ್ನು ಚಿಲ್ಲರೆ ಅಂಗಡಿಗಳಲ್ಲಿ ಮಾರಬಾರದೆಂದು ಸರ್ಕಾರ ಹೇಳಿದ್ದೇ ತಡ, ಖಾಲಿ ಸಿಲಿಂಡರ್ ಹಿಡಿದವರ ಸಾಲು ಬೀದಿಬೀದಿಯಲ್ಲಿ. ಕೆಲವೇ ದಿನಗಳಲ್ಲಿ ಅಧ್ಯಕ್ಷರೇ ಆ ಆದೇಶ ಹಿಂದೆಗೆಸಿದರು. ಆ ದಿನಗಳಲ್ಲಿ ನಮ್ಮ ವಾರ್ತೆಗ್ ಕಪಾಟಿನ ಅರ್ಧ ಖಾಲಿ ಇತ್ತು.

ಸಸ್ಯಾಹಾರಿಗಳ ಬಗ್ಗೆ ಬಣ್ಣ ಹಚ್ಚದೆ ಹೇಳುತ್ತೇನೆ. ಕಟ್ಟುನಿಟ್ಟಿನವರಿಗೆ ಇಲ್ಲಿ ಪೂರ್ತಿ ನಿಶ್ಚಿಂತೆ ಇಲ್ಲ. ಸಂಬಾಲ್ ಎಂಬ ಮೆಣಸಿನ ಚಟ್ನಿಗೆ ಸಾಮಾನ್ಯವಾಗಿ ತೆರಾಸಿ ಎಂಬ ಸಿಗಡಿಯ ಹುಳಿಸಿದ ಮುದ್ದೆ ಬೀಳುತ್ತದೆ. ಹುಣಸೆಯ ತರಕಾರಿ ಸಾರಿಗೂ ಹಲವರು ಅದನ್ನೇ ಹಾಕುತ್ತಾರೆ. ಪಲ್ಯಕ್ಕೆ ಕೋಳಿ ಸಾರದ ಪುಡಿ ಉದುರಿಸುವುದು ಮಾಮೂಲು, ಟೆಂಪೆ ಕರಿದ ಎಣ್ಣೆಯಲ್ಲಿ ಮೀನೂ ಕರಿದಿರಬಹುದು. ಬರೀ ‘ಸಸ್ಯಾಹಾರಿ’ ಎಂದರೆ ಪ್ರಯೋಜನವಿಲ್ಲ. ಮಾಂಸ, ಕೋಳಿ, ಮೀನು, ಸಿಗಡಿ ಎಂದು ಒಂದೊಂದನ್ನೇ ಹೆಸರಿಸಿ ಬೇಡ ಎನ್ನಬೇಕು. ಇಷ್ಟಕ್ಕೆ ಹೊಂದಿಕೊಳ್ಳುವವರು ಮಾತ್ರ ರಾಜರ ಹಾಗೆ ಉಣ್ಣಬಹುದು, ಟೆಂಪೆಯ ದಯೆಯಿಂದ. ಲೇಖನದಲ್ಲಿ ಅದನ್ನು ‘ಒಂದು ಬಗೆಯ ಮಾಂಸದ ಕೇಕ್’ ಎಂದಿದ್ದಾರೆ. ಅದು ಶುದ್ಧ ಸೋಯಾ ಅವರೆ. ನೆನೆಸಿ, ಸಿಪ್ಪೆ ತೆಗೆದು, ಬೇಯಿಸಿ, ಹೆಪ್ಪಿನ ಪುಡಿ ಬೆರೆಸಿ ಬಾಳೆಲೆಯಲ್ಲೋ ತೂತು ಹಾಕಿದ ಪ್ಲಾಸ್ಟಿಕ್ಕಿನಲ್ಲೋ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಬಿಳಿ ಬೂಷ್ಟು ಬೆಳೆದು ಕಾಳುಗಳನ್ನೆಲ್ಲ ಗಟ್ಟಿಯಾಗಿ ಹಿಡಿದಿಡುತ್ತದೆ. ತೆಳುವಾಗಿ ಕೊಯ್ದು ಕರಿದರೆ ಅಂಚು ಗರಿಗರಿ, ಒಳಗೆ ಕಾಳಿನ ರುಚಿ. ಬಡವರ ಊಟವಾದರೂ ಕಾಳು ಬರುವುದು ಬಹುಪಾಲು ಅಮೆರಿಕದಿಂದ. ಹಾಗಾಗಿ ಅಲ್ಲಿ ಬೆಲೆ ಏರಿದರೆ ಇಲ್ಲಿ ತುಂಡು ಸಣ್ಣದಾಗುತ್ತದೆ. 2022ರ ಫೆಬ್ರುವರಿಯಲ್ಲಿ ಟೆಂಪೆ, ತೋಫು ಮಾಡುವವರು ಮೂರು ದಿನ ಮುಷ್ಕರವನ್ನೇ ಹೂಡಿದ್ದರು.

ಹೊಟ್ಟೆ ಕೆಡುವ ಭಯಕ್ಕೆ ನನ್ನ ಸಲಹೆ ಇಷ್ಟೇ: ಹನ್ನೊಂದರಿಂದ ಒಂದರೊಳಗೆ ಹೋಗಿ. ಬೆಳಗ್ಗೆ ಬೇಯಿಸಿದ್ದು ಆಗಿನ್ನೂ ಹೊಸದು, ಜನ ಮುಗಿಬಿದ್ದಿರುತ್ತಾರೆ, ಪಾತ್ರೆಗಳು ಕಣ್ಣೆದುರೇ ಖಾಲಿಯಾಗುತ್ತವೆ. ಸಂಜೆ ನಾಲ್ಕಕ್ಕೆ ಅದೇ ಕಪಾಟನ್ನು ನಾನೂ ನಂಬುವುದಿಲ್ಲ. ಟೀಗೆ ಹಾಕುವ ಐಸು ನಡುವೆ ತೂತಿರುವ ಕೊಳವೆಯಂಥದ್ದಾದರೆ ಅದು ಫ್ಯಾಕ್ಟರಿಯದು. ದೊಡ್ಡ ಗಡ್ಡೆಯಿಂದ ಒಡೆದ ಚೂರಾದರೆ ಬಿಸಿ ಟೀ ಕೇಳಿ. ಮಲ್ಲಿಗೆಯ ಘಮವಿರುವ ಸಕ್ಕರೆಯಿಲ್ಲದ ಟೀ ಎಷ್ಟೋ ಕಡೆ ಪುಕ್ಕಟೆ.

ಮುಂದಿನ ಸಂಚಿಕೆಯಲ್ಲಿ ತಟ್ಟೆಗಳ ಬಗ್ಗೆ, ಟೆಂಪೆಯ ಬಗ್ಗೆ ಒಂದು ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ಸಾಧ್ಯವಾದರೆ ಇದನ್ನೂ ಸೇರಿಸಿ: ರಂಜಾನ್ ತಿಂಗಳಲ್ಲಿ ಹಗಲು ತೆರೆದಿರುವ ವಾರ್ತೆಗ್‌ಗಳು ಕಿಟಕಿಗೆ ಪರದೆ ಇಳಿಬಿಟ್ಟಿರುತ್ತವೆ, ಮುಚ್ಚಿದೆಯೆಂದು ತಿಳಿದು ಮುಂದೆ ಹೋಗಬೇಡಿ, ಪರದೆಯ ಕೆಳಗೆ ಕಾಲುಗಳು ಕಾಣುತ್ತಿವೆಯೇ ನೋಡಿ. ಹಬ್ಬದ ವಾರ ಮಾತ್ರ ತೆಗಲ್‌ನವರೆಲ್ಲ ಊರಿಗೆ ಹೋಗಿಬಿಡುತ್ತಾರೆ. ಆ ವಾರ ಜಕಾರ್ತಕ್ಕೆ ಬರುವವರು ಊಟದ ಏರ್ಪಾಡನ್ನು ಮೊದಲೇ ಮಾಡಿಕೊಳ್ಳುವುದು ಒಳಿತು.

ಇತಿ ತಮ್ಮ ಓದುಗ,
ಬೆಕಾಸಿ, ಪಶ್ಚಿಮ ಜಾವಾ