ಅಪ್ರಾಪ್ತರ ಆಸ್ತಿ, ದಾವೆಯ ವಾಯಿದೆ (ಕೇಸು ಹಾಕಲು ಇರುವ ಗಡುವು): ಸದಸ್ಯರ ಗಮನಕ್ಕೆ

ಮಗ ಚಿಕ್ಕವನಿದ್ದಾಗ ಅಪ್ಪ ಮಾರಿದ ತೀರ್ಥಹಳ್ಳಿ ಕಡೆಯ ತೋಟಕ್ಕೆ ಈಗ ಕೇಸು ಹಾಕಬಹುದಾ ಅಂತ ಸದಸ್ಯರೊಬ್ಬರು ನಿನ್ನೆ ಕೇಳಿದ್ದರಲ್ಲ, ಎಲ್ಲರಿಗೂ ಗೊತ್ತಿರಲಿ ಅಂತ ಇಲ್ಲೇ ಬರೀತಿದ್ದೇನೆ.

ಅಜ್ಜ ಮೊಮ್ಮಗನಿಗೆ ದಾನಪತ್ರ ಮಾಡಿಕೊಟ್ಟ ಅಡಿಕೆ ತೋಟ. ಹುಡುಗನಿಗೆ 11 ವರ್ಷ ಇದ್ದಾಗ ಅಪ್ಪ ಕೋರ್ಟಿನ ಅನುಮತಿ ಇಲ್ಲದೆ ಮಾರಿದ್ದಾರೆ. "ಒಂಬತ್ತು ವರ್ಷ ಆಗಿಹೋಯ್ತು, ಇನ್ನೆಂಥ ಕೇಸು ಮಾರಾಯ್ರೆ" ಅಂತ ಕೈಚೆಲ್ಲಬೇಡಿ. 1963ರ ಕಾಲಮಿತಿ ಕಾಯ್ದೆಯಲ್ಲಿ ಇಂಥ ಕ್ರಯ ರದ್ದು ಮಾಡಿಸಲು 18 ತುಂಬಿದಲ್ಲಿಂದ 3 ವರ್ಷ ಅವಕಾಶ ಇದೆ. ಹುಡುಗನಿಗೆ ಈಗ 20. ಅಡಿಕೆ ಕೊಯ್ಲು ಮುಗೀಲಿ ಅಂತ ಕೂತರೆ 21 ದಾಟಿ ಹೋಗುತ್ತೆ.

ಅದೇ ಕಾಯ್ದೆಯ 6ನೇ ಕಲಂ (ವಾಯಿದೆ ಲೆಕ್ಕ ತಡವಾಗಿ ಶುರುವಾಗೋ ರಿಯಾಯಿತಿ) ಅಪ್ರಾಪ್ತರ ಜೊತೆ ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಿಗೂ ಅನ್ವಯ. ಕಣ್ಣು ಕಾಣದವರು, ಕಾಲು ಬಾರದವರು ಇದರಲ್ಲಿ ಬರಲ್ಲ. ಇಲ್ಲೇ ಸುಮಾರು ಜನ ಎಡವೋದು. ಇನ್ನೊಂದು, ವಾಯಿದೆ ಓಡಲು ಶುರುವಾದ ಮೇಲೆ ಬುದ್ಧಿಭ್ರಮಣೆ ಆದರೆ ಅದು ನಿಲ್ಲಲ್ಲ (9ನೇ ಕಲಂ). ಅಪೀಲಿಗೂ ಈ ರಿಯಾಯಿತಿ ಇಲ್ಲ.

ವಕೀಲರ ಹತ್ತಿರ ಹೋಗುವಾಗ ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ದಾನಪತ್ರ, ಕ್ರಯಪತ್ರದ ದೃಢೀಕೃತ ನಕಲು ಇರಲಿ. ಫೀಸಿಗೆ ತೊಂದರೆ ಇದ್ದವರು ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.