ಕುಡತಿನಿಯ ಬೂದಿಗುಡ್ಡ ನೋಡಲು ಬಾ

ಬಳ್ಳಾರಿ

ಪ್ರೀತಿಯ ತಮ್ಮಾ,

ನಿನ್ನ ಪತ್ರ ಮೊನ್ನೆ ಸಂಜೆ ಸಿಕ್ಕಿತು. ಎರಡು ಸಲ ಓದಿದೆ. ಕೊಪ್ಪಳದ ಆ ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ನಿನ್ನ ಲೇಖನಗಳ ಮಾತೆತ್ತಿ, "ಹೋದ ತಿಂಗಳು ಕಿನ್ನಾಳದ ಕಟ್ಟಿಗೆ ಗೊಂಬೆ, ಈ ತಿಂಗಳು ತುಂಗಭದ್ರೆಯ ಎಡದಂಡೆ ಕಾಲುವೆ, ಮುಂದಿನ ತಿಂಗಳು ಇನ್ನೇನಪ್ಪಾ? ಒಂದನ್ನ ಹಿಡಿ, ಇಲ್ಲಾಂದ್ರೆ ಯಾವುದಕ್ಕೂ ಸಲ್ಲೋದಿಲ್ಲ" ಅಂದರಂತೆ. ಅವತ್ತಿನಿಂದ ಪೆನ್ನು ಮುಟ್ಟಿಲ್ಲ ಅಂತ ಬರೆದಿದ್ದೀಯ. ಆ ಮಾತು ಓದಿ ನನಗೆ ಸಂಕಟವಾಯಿತು. ಅದಕ್ಕೇ ಬೇರೆ ಕೆಲಸ ಬಿಟ್ಟು ಬರೆಯಲು ಕೂತಿದ್ದೇನೆ.

ನಿನ್ನ ವಯಸ್ಸಿನಲ್ಲಿ ನಾನು ಕುಡತಿನಿಯ ಬೂದಿಗುಡ್ಡ ನೋಡಲು ಹೋಗಿದ್ದೆ. ಹೊಸಪೇಟೆ ರಸ್ತೆಯಲ್ಲೇ ಇರುವ ಊರು, ನೀನೂ ಬಸ್ಸಲ್ಲಿ ಎಷ್ಟೋ ಸಲ ದಾಟಿರುತ್ತೀಯ. ಅಲ್ಲಿ ಒಂದು ಹೆಂಟೆ ಕೈಗೆತ್ತಿಕೊಂಡೆ. ಹೊರಗೆ ಬೆಳ್ಳಗಿತ್ತು. ಒಳಗೆ ಗಾಜು ಕರಗಿ ಗಟ್ಟಿಯಾದ ಹಾಗೆ ಕಪ್ಪು, ಮೈತುಂಬ ಸಣ್ಣ ಸಣ್ಣ ತೂತು. ನೋಡಲು ಕಲ್ಲು, ಕೈಯಲ್ಲಿ ಮಾತ್ರ ತೀರಾ ಹಗುರ. ಭೀಮನ ಕೈಲಿ ಸತ್ತ ರಾಕ್ಷಸನನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಿದ್ದರು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ನನ್ನ ಕೈಯಲ್ಲಿದ್ದ ಹೆಂಟೆ ನೋಡಿದ. ಗುಡ್ಡ ಕಡಿದ ಕಡೆ ಕಾಣುವ ಪದರಗಳ ಮೇಲೆ ಬೆರಳಾಡಿಸಿ, "ದೊಡ್ಡಿಯೊಳಗ ಹೆಂಡಿ ತುಳಿದು ತುಳಿದು ಹಿಂಗ ಪದರ ಕೂತಿರತೈತಿ ನೋಡವ್ವ" ಅಂದ.

ಆ ಅಜ್ಜ ಯಾವ ಪುಸ್ತಕವನ್ನೂ ಓದಿದವನಲ್ಲ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೇಳಿದ್ದೂ ಅದನ್ನೇ. ಇವು ಸಗಣಿ ಸುಟ್ಟ ಬೂದಿ, ಹೊಸ ಶಿಲಾಯುಗದ ದನಗಾಹಿಗಳ ಕೆಲಸ ಅಂತ. ಫೂಟ್ ಭೂವಿಜ್ಞಾನಿ. ಕಲ್ಲು, ಮಣ್ಣು ನೋಡಿಕೊಂಡು ತಿರುಗುವುದೇ ಅವರ ನೌಕರಿ. ಮುಂದೆ 1950ರ ದಶಕದಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ಬೂದಿದಿಬ್ಬ ಅಗೆದರು. ದನಗಳ ಗೊರಸಿನ ಗುರುತು ಸಿಕ್ಕವು. ಸಾವಿರಾರು ವರ್ಷದ ಹಿಂದಿನ ದೊಡ್ಡಿಯಲ್ಲಿ ಒಂದು ಹಸು ಊರಿದ ಕಾಲು! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟೊಂದು ಸಗಣಿ ಯಾಕೆ ಸುಟ್ಟರು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಹಬ್ಬಕ್ಕೋ, ರೋಗ ತಡೆಯಲಿಕ್ಕೋ, ಯಾರು ಬಲ್ಲರು?

ಒಂದು ಗುಡ್ಡಕ್ಕೆ ಎಷ್ಟು ಜನ ಬೇಕಾದರು ನೋಡು. ಕಲ್ಲು ಬಲ್ಲವರು, ಅಗೆಯುವವರು, ದೊಡ್ಡಿ ಕಟ್ಟಿದ ಅಜ್ಜ, ರಾಕ್ಷಸನ ಕತೆ ಉಳಿಸಿಕೊಂಡು ಬಂದ ಊರು. ಇವರೆಲ್ಲರ ಮನೆಗೂ ಹೋಗಿ ಬರುವವರು ಯಾರಾದರೂ ಬೇಕಲ್ವಾ? ಆ ಕೆಲಸ ನಿನ್ನಂಥವನದು ತಮ್ಮಾ.

ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದ ಕತೆ ನಿನಗೆ ಗೊತ್ತಿದೆ, ಆದರೂ ಇನ್ನೊಂದು ಸಲ ಕೇಳು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಆ ಕಡೆ ಬಂಗಾರ ಹುಡುಕುತ್ತಾ ತಿರುಗುತ್ತಿದ್ದರು. ಬಂಡೆಯ ಮೇಲೆ ಅಕ್ಷರ ಕಂಡವು, ನಿಂತರು. ಬಂಗಾರ ಬಿಟ್ಟು ಬೇರೇನೂ ಬೇಡ ಅನ್ನುವವರಾಗಿದ್ದರೆ ಮುಂದೆ ಹೋಗಿಬಿಡುತ್ತಿದ್ದರು. ಬೇರೆ ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತಿದ್ದ ರಾಜನಿಗೆ ಅಲ್ಲಿ 'ಅಶೋಕ' ಅನ್ನುವ ಹೆಸರೇ ಸಿಕ್ಕಿತು. ಆಮೇಲೆ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿದೆ. ಆದರೆ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ.

ಇಲ್ಲಿ ಒಂದು ಮಾತು ಮರೆಯಬೇಡ. ಬೀಡನ್ ಕಂಡರು, ಓದಲಿಲ್ಲ. ಅದನ್ನು ಓದಿ ಪ್ರಕಟಿಸಿದವರು ಎಚ್. ಕೃಷ್ಣ ಶಾಸ್ತ್ರಿಗಳು. ಇಡೀ ಆಯುಷ್ಯ ಶಾಸನಕ್ಕೇ ಕೊಟ್ಟವರು. ಅಂಥವರ ಎದುರು ನಾನು ಇವತ್ತಿಗೂ ಕೈಕಟ್ಟಿ ನಿಲ್ಲುತ್ತೇನೆ. ನನ್ನ ಸ್ನೇಹಿತರೊಬ್ಬರು ನಲವತ್ತು ವರ್ಷದಿಂದ ಹಳೇ ನಾಣ್ಯ ಕೂಡಿಡುತ್ತಿದ್ದಾರೆ. ವಿಜಯನಗರದ ಕಾಲದ ತಾಮ್ರದ ಕಾಸು ಕೈಗೆ ಕೊಟ್ಟರೆ, ಕಣ್ಣು ಮುಚ್ಚಿಕೊಂಡೇ ಅದರ ಸವಕಲು ಅಂಚನ್ನು ಹೆಬ್ಬೆರಳಲ್ಲಿ ಸವರಿ ಯಾವ ರಾಜನದು ಅಂತ ಹೇಳುತ್ತಾರೆ. ಅವರ ಮುಖದಲ್ಲಿ ಆಗ ಕಾಣುವ ಸಂತೋಷ ನಿಜವಾದದ್ದು. ನಿನಗೆ ಆ ಹುಚ್ಚು ಒಳಗಿಂದ ಬಂದಿದ್ದರೆ ನಾನೇ ಹಿಡಿ ಅನ್ನುತ್ತಿದ್ದೆ. ಬಂದಿಲ್ಲ. ಯಾರೋ ಅಂದರು ಅಂತ ಸುಮ್ನೆ ಒಂದು ವಿಷಯಕ್ಕೆ ಕಟ್ಟಿಕೊಂಡು ಕೂತರೆ, ಬರವಣಿಗೆ ಒಣಗುತ್ತದೆ. ಓದುವವರಿಗೂ ಅದು ಗೊತ್ತಾಗುತ್ತದೆ.

ಹತ್ತು ಕಡೆ ಕಾಲಿಡುವವರಿಗೆ ಅವರದೇ ಆದ ಅಪಾಯ ಇದೆ. ನನಗೇ ಆಗಿದೆ. ಒಂದು ಲೇಖನದಲ್ಲಿ, ಎರೆಹೊಲದ ಬಿಳಿಜೋಳವನ್ನು ಜೂನ್ ಮಳೆಗೆ ಬಿತ್ತುತ್ತಾರೆ ಅಂತ ಬರೆದುಬಿಟ್ಟೆ. ಸಿಂಧನೂರು ಕಡೆಯ ರೈತರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. "ಅಕ್ಕಾರ, ಅದು ಹಿಂಗಾರಿ ಬೆಳಿ. ನೆಲದ ಹಸಿ ಮ್ಯಾಲ, ಚಳಿ ಮ್ಯಾಲ ಬೆಳೀತೈತಿ. ಒಮ್ಮೆ ಹೊಲಕ್ಕ ಬರ್ರಿ" ಅಂದರು. ಡಿಸೆಂಬರಿನ ಒಂದು ಬೆಳಿಗ್ಗೆ ಹೋದೆ. ಜೋಳದ ಸಾಲಿನ ನಡುವೆ ನಡೆದರೆ ಇಬ್ಬನಿಗೆ ಸೀರೆ ಮೊಣಕಾಲವರೆಗೆ ಒದ್ದೆ. ಮೇಲೆ ಒಂದು ಮೋಡ ಇಲ್ಲ. ಅವರು ಕುಂಟೆ ಹೊಡೆದ ಮಣ್ಣನ್ನು ಕೈಯಿಂದ ಸರಿಸಿ ಗೇಣುದ್ದ ಒಳಗೆ ಬೆರಳಿಡಿಸಿದರು. ತಣ್ಣಗಿತ್ತು. ಮಳೆ ನಿಂತು ಎರಡು ತಿಂಗಳಾದ ಮೇಲೂ ಎರೆ ನೀರು ಹಿಡಿದುಕೊಂಡಿತ್ತು. ಅವತ್ತಿನಿಂದ ಒಂದು ಹಟ ಇಟ್ಟುಕೊಂಡಿದ್ದೇನೆ. ಯಾವ ವಿಷಯ ಬರೆದರೂ, ಅದನ್ನು ಕೈಯಾರೆ ಮಾಡುವ ಒಬ್ಬರಿಗೆ ಓದಿ ಹೇಳದೆ ಕಳಿಸುವುದಿಲ್ಲ. ನೀನೂ ಹಾಗೆ ಮಾಡು. ಇದೊಂದನ್ನು ನಿನ್ನ ಕೈ ಹಿಡಿದು ಕೇಳಿಕೊಳ್ಳುತ್ತೇನೆ.

ನಿನ್ನ ಕಿನ್ನಾಳ ಲೇಖನದಲ್ಲೂ ಅದೇ ಕೊರತೆ. ಗೊಂಬೆಯ ಬಣ್ಣ ಚೆಂದ ಬರೆದಿದ್ದೀಯ. ಕಟ್ಟಿಗೆಯ ಜೋಡಣೆ ಮುಚ್ಚಲು ಹುಣಸೆ ಬೀಜದ ಅಂಟು ಬಳಸುತ್ತಾರಲ್ಲ, ಅದು ಒಂದೇ ಸಾಲಲ್ಲಿ ಮುಗಿದಿದೆ. ಆ ಬೀಜ ಎಲ್ಲಿಂದ ಬರುತ್ತದೆ? ಯಾರು ಅರೆಯುತ್ತಾರೆ? ಮನೆಯ ಹೆಣ್ಣುಮಕ್ಕಳಾ? ಮತ್ತೊಮ್ಮೆ ಹೋಗು, ಅಂಟು ಮಾಡುವ ಹೊತ್ತಿಗೆ ಹೋಗು, ಹತ್ತಿರ ಕೂತು ಕೇಳು. ಕಾಲುವೆಯ ಲೇಖನವನ್ನೂ ಬಿಡಬೇಡ. 1953ರಲ್ಲಿ ತುಂಗಭದ್ರೆಯ ನೀರು ಬಿಟ್ಟ ಮೇಲೆ ಜೋಳ ಉಣ್ಣುತ್ತಿದ್ದ ಸೀಮೆ ಭತ್ತ ಬೆಳೆಯತೊಡಗಿತು. ಆ ಮನೆಗಳಲ್ಲಿ ರೊಟ್ಟಿ ತಟ್ಟುವ ಸದ್ದು ಏನಾಯಿತು ಅಂತ ಕೇಳಿದ್ದೀಯಾ? ಎಂಜಿನಿಯರಿಗೆ ಆ ಪ್ರಶ್ನೆ ಹೊಳೆಯುವುದು ಕಷ್ಟ, ನಿನಗೆ ಹೊಳೆಯುತ್ತದೆ.

ಆ ಹಿರಿಯರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ನಿನ್ನ ಒಳ್ಳೆಯದಕ್ಕೇ ಹೇಳಿದ್ದಾರೆ.

ಮುಂದಿನ ಭಾನುವಾರ ಬಿಡುವು ಮಾಡಿಕೋ. ಹೊಸಪೇಟೆಗೆ ಬಂದು ಬಳ್ಳಾರಿ ಬಸ್ಸು ಹತ್ತಿ ಕುಡತಿನಿಯಲ್ಲಿ ಇಳಿ. ಬಿಸಿಲು ಏರುವ ಮೊದಲೇ ಬಾ, ನೀರಿನ ಬಾಟಲಿ ತಾ. ರೊಟ್ಟಿ, ಶೇಂಗಾ ಚಟ್ನಿ ನಾನು ಕಟ್ಟಿಕೊಂಡು ಬರುತ್ತೇನೆ. ಆ ಹೆಂಟೆ ನಿನ್ನ ಕೈಯಲ್ಲಿಡಬೇಕು ನಾನು.

ನಿನ್ನ ಅಕ್ಕ