ಹೊರಗೆ ನಿಲ್ಲುವ ಕಾರಿನ ಕವರ್: ಮುಂದಿನ ತಿಂಗಳಿಂದ ನಮ್ಮಲ್ಲಿ ಆಗುವ ಬದಲಾವಣೆ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಸಂಘದ ಹೊಲಿಗೆ ವಿಭಾಗದಲ್ಲಿ ಕಾರ್ ಕವರಿನ ಕೆಲಸ ಎರಡು ರೀತಿಯಲ್ಲಿ ಬದಲಾಗಲಿದೆ. ಪಿವಿಸಿ ಲೇಪನದ ದಪ್ಪ ಕವರನ್ನು ಇನ್ನು ಕಾರಿಗೆಂದು ಹೊಲಿಯುವುದಿಲ್ಲ. ಸಣ್ಣದು, ಮಧ್ಯಮ, ದೊಡ್ಡದು ಎಂದು ಮೊದಲೇ ಹೊಲಿದಿಡುತ್ತಿದ್ದ ಸಿದ್ಧ ಕವರುಗಳೂ ಇರುವುದಿಲ್ಲ. ಕಾರಿನ ಮಾದರಿ ಕೇಳಿಕೊಂಡು ಅದರ ಅಳತೆಗೇ ಕತ್ತರಿಸುತ್ತೇವೆ. ಇದರಿಂದ ಕವರ್ ನಿಮ್ಮ ಕೈಸೇರಲು ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ಬಂದ ದಿನವೇ ಕೊಂಡೊಯ್ಯುತ್ತಿದ್ದವರಿಗೆ ಇದು ಅನನುಕೂಲ ಎಂಬುದು ನಮಗೆ ಗೊತ್ತಿದೆ. ಹಾಗಿದ್ದೂ ಈ ದಾರಿ ಹಿಡಿದದ್ದೇಕೆ ಎಂದು ನಿಮಗೆ ವಿವರವಾಗಿ ತಿಳಿಸಲು ಈ ಪತ್ರ.

ಕವರ್ ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ ಇರುತ್ತದೆ: "ಪೂರ್ತಿ ವಾಟರ್‌ಪ್ರೂಫ್ ತಾನೇ?" ಮಳೆಯಿಂದ ಕಾರನ್ನು ಕಾಪಾಡಬೇಕು ಎಂಬ ಕಾಳಜಿ ಸಹಜವೇ. ಆದರೆ ಕಾರಿನ ಮೈ ಮಳೆಗೆ ನೆನೆದು, ಗಾಳಿಗೆ ಒಣಗುವುದಕ್ಕೆ ತಯಾರಾಗಿಯೇ ಇರುತ್ತದೆ. ಕೆಡುಕಾಗುವುದು ನೆನೆದದ್ದು ಒಣಗದೆ ಉಳಿದಾಗ. ಹನಿಯೂ ಒಳಗಿಳಿಯದ ಕವರಿನಿಂದ ಒಳಗಿನ ತೇವ ಹೊರಗೆ ಹೋಗುವುದೂ ಇಲ್ಲ.

ಮಳೆಯೇ ಬೀಳದಿದ್ದರೂ ಆ ತೇವ ಎಲ್ಲಿಂದ ಬರುತ್ತದೆ ಎಂದು ಹಲವರು ಕೇಳಿದ್ದಾರೆ. ಕಾರಿನ ಕೆಳಗಿನ ನೆಲದಿಂದ ಹಬೆ ಮೇಲೇಳುತ್ತಲೇ ಇರುತ್ತದೆ. ಹಸಿ ಮಣ್ಣಾದರಂತೂ ಇನ್ನೂ ಹೆಚ್ಚು. ಬಯಲಿನಲ್ಲಿ ನಿಂತ ಕಾರಿನ ಕವರ್ ರಾತ್ರಿ ಹೊತ್ತು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಸಿಕ್ಕಿಬಿದ್ದ ಹಬೆ ಆ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿ, ಕೆಳಗಿರುವ ಬಾನೆಟ್ಟಿನ ಮೇಲೆ, ಟಾಪಿನ ಮೇಲೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಬಿಸಿಲೇರಿದಾಗ ಮತ್ತೆ ಹಬೆ, ರಾತ್ರಿ ಮತ್ತೆ ಹನಿ. ಹೀಗೆ ವಾರಗಟ್ಟಲೆ ನಡೆದರೆ ರಬ್ಬರ್ ಬೀಡಿಂಗಿನ ಸಂದುಗಳಲ್ಲಿ ಬೂಷ್ಟು ಹಿಡಿಯುತ್ತದೆ, ಕಲ್ಲೇಟು ಬಿದ್ದು ಬಣ್ಣ ಹಾರಿದ ಜಾಗಗಳಲ್ಲಿ ತುಕ್ಕು ಶುರುವಾಗುತ್ತದೆ, ಬ್ರೇಕ್ ಡಿಸ್ಕಿನ ಮೇಲೆ ಕೆಂಪು ಪದರ ಕಟ್ಟುತ್ತದೆ. ರಿಪೇರಿಗೆಂದು ನಮ್ಮಲ್ಲಿಗೆ ಬರುವ ಪಿವಿಸಿ ಕವರುಗಳನ್ನು ಬಿಡಿಸಿದಾಗ ಕಾಣುವುದೂ ಇದರ ಗುರುತನ್ನೇ: ಹೊರಮೈ ಗಟ್ಟಿಯಾಗಿಯೇ ಇರುತ್ತದೆ, ಒಳಮೈ ಕಪ್ಪು ಚುಕ್ಕೆಗಳಿಂದ ತುಂಬಿ ಮುಗ್ಗಲು ವಾಸನೆ ಬರುತ್ತಿರುತ್ತದೆ.

ಪಿವಿಸಿಗೆ ಇನ್ನೊಂದು ಗುಣವಿದೆ. ಅದು ಹುಟ್ಟಾ ಬಿರುಸು. ಮೆದುವಾಗಲೆಂದು ಅದಕ್ಕೆ ಪ್ಲಾಸ್ಟಿಸೈಜರ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಬಿಸಿಲಿನ ಕಾವಿಗೆ ಅದು ನಿಧಾನವಾಗಿ ಹೊರಗೆ ಜಿನುಗುತ್ತದೆ. ಬಟ್ಟೆ ಸೆಟೆದುಕೊಂಡು ಮಡಿಕೆಗಳಲ್ಲಿ ಬಿರಿಯುತ್ತದೆ, ಕಾದ ಬಣ್ಣಕ್ಕೆ ಒತ್ತಿಕೊಂಡ ಕಡೆ ಅಂಟುತ್ತದೆ. ಮರದ ದಿಮ್ಮಿ, ಸಿಮೆಂಟ್ ಚೀಲ, ಯಂತ್ರಗಳಿಗೆ ಪಿವಿಸಿ ಟಾರ್ಪಾಲು ಒಳ್ಳೆಯ ವಸ್ತು. ಅಂಥ ಹೊದಿಕೆಗಳನ್ನು ನಾವು ಮುಂದೆಯೂ ಹೊಲಿಯುತ್ತೇವೆ. ಕಾರಿನ ಮೈಗೆ ಮಾತ್ರ ಅದು ಸಲ್ಲದು ಎಂಬುದು ನಮ್ಮ ತೀರ್ಮಾನ.

ಅದರ ಬದಲಿಗೆ ಬರುತ್ತಿರುವುದು ಮೂರು ಪದರದ ಬಟ್ಟೆ. ಮೇಲೆ ಮತ್ತು ಕೆಳಗೆ ನೇಯದೆಯೇ ಎಳೆಗಳನ್ನು ಒತ್ತಿ ಮಾಡಿದ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟೆ, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ತೆಳು ಹಾಳೆ. ಮಳೆಹನಿ ತೂರಲಾರದಷ್ಟು ಕಿರಿದಾದರೂ, ನೀರಿನ ಹಬೆ ಹೊರಬೀಳುವಷ್ಟು ಜಾಗ ಆ ರಂಧ್ರಗಳಲ್ಲಿದೆ. ಇದನ್ನೇ 'ಉಸಿರಾಡುವ ಬಟ್ಟೆ' ಎನ್ನುವುದು. ಎಡೆಬಿಡದೆ ದಿನಗಟ್ಟಲೆ ಮಳೆ ಹಿಡಿದರೆ, ಅದರಲ್ಲೂ ಕವರ್ ಜೋತು ನೀರು ಮಡುಗಟ್ಟಿದ ಕಡೆ, ಸ್ವಲ್ಪ ತೇವ ಒಳಗೆ ಇಳಿಯಬಹುದು. ಮಳೆ ಬಿಟ್ಟ ಮೇಲೆ ಅದು ಬಂದ ದಾರಿಯಲ್ಲೇ ಆರಿಹೋಗುತ್ತದೆ. ಈ ಸಣ್ಣ ತೇವ ಕಂಡು ಕವರ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಈ ಬಟ್ಟೆಯ ದೌರ್ಬಲ್ಯವನ್ನೂ ಹೇಳಿಬಿಡುತ್ತೇವೆ. ಪಾಲಿಪ್ರೊಪಿಲೀನ್ ಬಿಸಿಲಿನ ನೇರಳಾತೀತ (ಯುವಿ) ಕಿರಣವನ್ನು ತಾಳದು. ಆ ಕಿರಣ ಎಳೆಯೊಳಗಿನ ಅಣುಸರಪಳಿಯನ್ನು ತುಂಡರಿಸುತ್ತಾ ಹೋಗಿ, ಕೊನೆಗೆ ಬಟ್ಟೆ ಪುಡಿಪುಡಿಯಾಗುತ್ತದೆ. ಆದ್ದರಿಂದ ಎಳೆ ತಯಾರಾಗುವ ಹಂತದಲ್ಲೇ ಯುವಿ ತಡೆಯುವ ಪದಾರ್ಥ ಬೆರೆತಿರಬೇಕು. ಮೇಲಿಂದ ಸಿಂಪಡಿಸಿದ ಲೇಪನ ತೊಳೆದಂತೆಲ್ಲ ಹೋಗಿಬಿಡುತ್ತದೆ. ನಾವು ಆರಿಸಿಕೊಂಡಿರುವುದು ಬೆರೆಸಿ ಮಾಡಿದ ಬಟ್ಟೆಯನ್ನೇ. ಬೇರೆ ಕಡೆ ಕೊಳ್ಳುವವರೂ ಇದೊಂದನ್ನು ಕೇಳಿ ತಿಳಿದುಕೊಳ್ಳಿ. ಎಷ್ಟು ಪದರ, ಎಷ್ಟು ಜಿಎಸ್‌ಎಂ ಎಂಬುದಕ್ಕಿಂತ ಇದು ಮುಖ್ಯ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಮಿನಲ್ಲಿ, ಅಷ್ಟೇ. ಭಾರವಾದ ಬಟ್ಟೆಯೆಲ್ಲ ಒಳ್ಳೆಯ ಬಟ್ಟೆಯಲ್ಲ.

ಇಡೀ ದಿನ ಕಡುಬಿಸಿಲಿಗೇ ಒಡ್ಡಿಕೊಂಡು ನಿಲ್ಲುವ ಕಾರಿಗೆ ಮಾತ್ರ ನಾವು ಬೇರೆಯದನ್ನು ಸೂಚಿಸುತ್ತೇವೆ: ಎಳೆ ತೆಗೆಯುವ ಮೊದಲೇ ಕರಗಿದ ಪಾಲಿಯೆಸ್ಟರಿಗೆ ಬಣ್ಣ ಬೆರೆಸಿ ಮಾಡಿದ ನೇಯ್ಗೆಯ ಬಟ್ಟೆ. ಬಣ್ಣ ಎಳೆಯ ಒಳಗಿನವರೆಗೂ ಇರುವುದರಿಂದ ಬೇಗ ಮಾಸುವುದಿಲ್ಲ. ನೀರು ತಡೆಯುವುದರಲ್ಲಿ ಮೂರು ಪದರದ ಬಟ್ಟೆಗಿಂತ ಸ್ವಲ್ಪ ಹಿಂದೆ, ಬಿಸಿಲು ತಡೆಯುವುದರಲ್ಲಿ ಬಹಳ ಮುಂದೆ. ತಿಳಿಬಣ್ಣವನ್ನೇ ಆರಿಸಿಕೊಳ್ಳಿ; ಕಾವು ಕಡಿಮೆ ಹೀರುತ್ತದೆ.

ಹಾಗಾಗಿಯೇ ಆರ್ಡರ್ ಬರೆದುಕೊಳ್ಳುವಾಗ ಕಾರಿನ ಹೆಸರಿಗಿಂತ ಮೊದಲು, ಅದು ನಿಲ್ಲುವುದು ಎಲ್ಲಿ ಎಂದು ಕೇಳುತ್ತೇವೆ. ದಯವಿಟ್ಟು ಈ ಪ್ರಶ್ನೆಗೆ ಬಿಡಿಸಿ ಉತ್ತರ ಕೊಡಿ. ಮರದ ಕೆಳಗೆ ಎಂದಾದರೆ ಅದನ್ನು ಬೇರೆಯಾಗಿ ತಿಳಿಸಿ, ಏಕೆಂದರೆ ಅಲ್ಲಿ ಕಾರಿಗೆ ಬಿಸಿಲು-ಮಳೆಗಿಂತ ದೊಡ್ಡ ಕಾಟ ಹಕ್ಕಿ ಹಿಕ್ಕೆ ಮತ್ತು ಮರದ ಅಂಟಿನದು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ ಇರುತ್ತದೆ, ತಲೆಗೂದಲಿಗಿಂತಲೂ ತೆಳು. ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ. ಬಿಸಿಲಿಗೆ ಕಾದು ಮೆದುವಾದ ಕ್ಲಿಯರ್ ಕೋಟಿನ ಮೇಲೆ ಹಿಕ್ಕೆ ಒಣಗಿ ಕೂತರೆ, ತೊಳೆದ ಮೇಲೂ ಮಂಕಾದ ಕಲೆ ಉಳಿಯುತ್ತದೆ. ಪಾಲಿಶ್ ಮಾಡಿಸಿದರೆ ಆ ತೆಳು ಪದರವನ್ನೇ ಇನ್ನಷ್ಟು ಸವೆಸಿದಂತೆ. ಮರದ ಕೆಳಗೆ ನಿಲ್ಲಿಸುವವರಿಗೆ ಕವರಿನಷ್ಟು ಪ್ರಯೋಜನದ ವಸ್ತು ಇನ್ನೊಂದಿಲ್ಲ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಅಲ್ಲಿಗೆ ಮೂರು ಪದರದ ಬಟ್ಟೆಯೇ ಸರಿ. ನೇಯ್ದ ಬಟ್ಟೆಯ ಸಂದುಗಳಿಗೆ ಅಂಟು ಹೊಕ್ಕರೆ ಬಿಡಿಸುವುದು ಕಷ್ಟ.

ಮೇಲೆ ಚಾವಣಿ ಇದ್ದು ಪಕ್ಕ ತೆರೆದಿರುವ ಕಡೆ ಬೇಕಾದದ್ದು ಧೂಳು ತಡೆಯುವ ತೆಳು ಕವರ್ ಮಾತ್ರ. ದಪ್ಪನೆಯದಕ್ಕೆ ದುಡ್ಡು ಹಾಕಬೇಡಿ.

ಇನ್ನು ಅಳತೆಯ ವಿಷಯ. ಕವರಿನಿಂದಲೇ ಕಾರಿಗೆ ಗೀರು ಬಿತ್ತು ಎಂಬ ದೂರು ಕಾರ್ ಕವರಿನ ವ್ಯಾಪಾರ ಮಾಡುವ ಎಲ್ಲರಿಗೂ ಪರಿಚಿತ. ಬಟ್ಟೆ ಎಷ್ಟೇ ಮೆದುವಾಗಿದ್ದರೂ, ಅದಕ್ಕೂ ಬಣ್ಣಕ್ಕೂ ನಡುವೆ ಸಣ್ಣ ಮರಳಿನ ಧೂಳು ಕೂತಿರುವಾಗ ಬಟ್ಟೆ ಅಲುಗಾಡಿದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಸಡಿಲ ಕವರ್ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ. ಮುಂಬಾಗಿಲ ಅಂಚು, ಡಿಕ್ಕಿಯ ಮೂಲೆ, ಬಂಪರಿನ ಬಾಗು ಇಲ್ಲೆಲ್ಲ ಮೊದಲು ಗೀರು ಕಾಣಿಸಿಕೊಳ್ಳುವುದು ಇದಕ್ಕೇ. 'ಮಧ್ಯಮ' ಎಂಬ ಒಂದೇ ಅಳತೆಯಲ್ಲಿ ಉದ್ದ ಡಿಕ್ಕಿಯ ಸೆಡಾನೂ ಇರಬೇಕು, ಹಿಂಬದಿ ನೇರ ಇಳಿಯುವ ಹ್ಯಾಚ್‌ಬ್ಯಾಕೂ ಇರಬೇಕು ಎಂದರೆ ಯಾವುದಾದರೂ ಒಂದಕ್ಕೆ ಜೋಲು ಬೀಳಲೇಬೇಕು. ಜೋಲು ಬಿದ್ದಲ್ಲಿ ನೀರೂ ನಿಲ್ಲುತ್ತದೆ.

ಹೊಸ ಕವರಿನಲ್ಲಿ ಪಕ್ಕದ ಕನ್ನಡಿಗಳಿಗೆ ಪ್ರತ್ಯೇಕ ಜೇಬು ಇರುತ್ತದೆ, ಕೆಳಅಂಚಿನ ಸುತ್ತ ಎಲಾಸ್ಟಿಕ್ ಇರುತ್ತದೆ, ಕಾರಿನ ಹೊಟ್ಟೆಯಡಿ ಹಾಯ್ದು ಬಕಲಿಗೆ ಸಿಗುವ ಎರಡು ಪಟ್ಟಿಗಳಿರುತ್ತವೆ. ಗಾಳಿ ಹೆಚ್ಚಿರುವ ಕಡೆಯವರು ಪಟ್ಟಿಗಳನ್ನು ತಪ್ಪದೆ ಬಿಗಿಯಿರಿ. ಎಲಾಸ್ಟಿಕ್ ಒಂದನ್ನೇ ನಂಬಿದರೆ ಗಾಳಿ ಅಡಿಯಿಂದ ನುಗ್ಗಿ ಕವರನ್ನು ಎತ್ತುತ್ತದೆ. ಟಾಪಿನ ನಟ್ಟನಡುವೆ ಹೊಲಿಗೆ ಬಾರದಂತೆ ಕತ್ತರಿಸುತ್ತೇವೆ, ಯಾಕೆಂದರೆ ಸೂಜಿಯ ತೂತೇ ನೀರಿಗೆ ಮೊದಲ ಬಾಗಿಲು. ಬಟ್ಟೆ ಸೇರುವ ಕಡೆಯೆಲ್ಲ ಮಡಚಿ ಎರಡು ಸಾಲು ಹೊಲಿಗೆ, ಪಾಲಿಯೆಸ್ಟರ್ ದಾರ. ಹತ್ತಿ ದಾರ ಬಿಸಿಲು ಮಳೆಗೆ ಬಟ್ಟೆಗಿಂತ ಮೊದಲೇ ಕೊಳೆತುಬಿಡುತ್ತದೆ. ಒಳಗೆ ಹತ್ತಿಯ ಫ್ಲ್ಯಾನೆಲ್ ಅಸ್ತರು ಹಾಕಿಕೊಡಿ ಎಂದು ಕೆಲವರು ಒತ್ತಾಯಿಸುತ್ತಾರೆ. ಮುಟ್ಟಲು ಅದು ಹಿತವಾಗಿರುವುದು ನಿಜ, ಆದರೆ ಒಮ್ಮೆ ನೆನೆದರೆ ಬೇಗ ಆರುವುದಿಲ್ಲ. ಷೆಡ್ಡಿನೊಳಗಿನ ಕಾರಿಗೆ ಬೇಕಾದರೆ ಹಾಕಿಕೊಡುತ್ತೇವೆ, ಹೊರಗೆ ನಿಲ್ಲುವ ಕಾರಿಗೆ ಇಲ್ಲ.

ದಿನಾಲೂ ಓಡಾಡುವ, ದಿನಾಲೂ ಧೂಳು ಮೆತ್ತಿಕೊಂಡು ಬರುವ ಕಾರಿನವರಿಗೆ ಒಂದು ಮಾತು. ತೊಳೆಯದ ಕಾರಿನ ಮೇಲೆ ಪ್ರತಿ ಸಂಜೆ ಕವರ್ ಎಳೆದು, ಪ್ರತಿ ಬೆಳಿಗ್ಗೆ ಎಳೆದು ತೆಗೆದರೆ ಗೀರು ಬಿದ್ದೇ ಬೀಳುತ್ತದೆ. ಹಾಕುವ ಮೊದಲು ತೊಳೆಯಲು ಸಮಯವಿಲ್ಲ ಎಂದಾದರೆ ಕವರೇ ಬೇಡ. ಆಗಾಗ ತೊಳೆದು ವ್ಯಾಕ್ಸ್ ಹಚ್ಚುವುದೇ ಒಳ್ಳೆಯದು. ಹೀಗೆಂದು ಹೇಳಿ ಗ್ರಾಹಕರನ್ನು ಬರಿಗೈಯಲ್ಲಿ ಕಳಿಸಿಕೊಟ್ಟದ್ದೂ ಇದೆ, ಇನ್ನೂ ಕಳಿಸುತ್ತೇವೆ. ಡ್ಯಾಶ್‌ಬೋರ್ಡು ಬಿಸಿಲಿಗೆ ಬಿರುಕು ಬಿಡುತ್ತದೆ ಎಂಬುದಷ್ಟೇ ಚಿಂತೆಯಾದರೆ ಗಾಜುಗಳನ್ನು, ಟಾಪನ್ನು ಮಾತ್ರ ಮುಚ್ಚುವ ಅರ್ಧ ಕವರ್ ಸಾಕಾಗುತ್ತದೆ. ಅದನ್ನೂ ಹೊಲಿಯುತ್ತಿದ್ದೇವೆ. ಆಲಿಕಲ್ಲಿನಿಂದ ರಕ್ಷಣೆ ಬೇಕೆಂದು ಕೇಳುವವರಿಗೆ ನಮ್ಮ ಯಾವ ಕವರೂ ಆಗುವುದಿಲ್ಲ. ಅದಕ್ಕೆ ದಪ್ಪ ಮೆತ್ತೆಯಿರುವ ಬೇರೆ ಜಾತಿಯ ಕವರ್ ಬೇಕು.

ಬಳಸುವಾಗ ಗಮನಿಸಬೇಕಾದ ಕೆಲವು ಸಂಗತಿ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ದೂರದಿಂದ ಓಡಿ ಬಂದ ಕಾರಿನ ಸೈಲೆನ್ಸರ್ ಅದಕ್ಕಿಂತ ಬಿಸಿ ಇರಬಹುದು. ಎಂಜಿನ್, ಸೈಲೆನ್ಸರ್ ತಣ್ಣಗಾದ ಮೇಲೆಯೇ ಮುಚ್ಚಿ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ಕವರ್ ಬೇಡ; ಎಷ್ಟು ವಾರ ಎಂದು ಪೇಂಟ್ ಮಾಡಿದವರನ್ನೇ ಕೇಳಿ. ಬಹಳ ದಿನ ಒಂದೇ ಕಡೆ ನಿಲ್ಲುವ ಕಾರಿನ ಕವರನ್ನು ಆಗಾಗ ಎತ್ತಿ ನೋಡುತ್ತಿರಿ. ಬೆಚ್ಚಗಿನ ಮರೆ ಸಿಕ್ಕಿತೆಂದು ಇಲಿ ಸೇರಿಕೊಂಡು ವೈರು ಕಡಿಯುವುದುಂಟು.

ತೆಗೆಯುವಾಗ ನೆಲಕ್ಕೆ ಎಳೆದು ಹಾಕಬೇಡಿ. ನೆಲದ ಮರಳು ಒಳಮೈಗೆ ಅಂಟಿಕೊಂಡರೆ ಮುಂದಿನ ಸಲ ಅದು ಬಣ್ಣದ ಮೇಲೆಯೇ ಕೂರುತ್ತದೆ. ಎರಡೂ ಪಕ್ಕದ ಅಂಚನ್ನು ಎತ್ತಿ ಟಾಪಿನ ಮೇಲೆ ಮಡಚಿ, ಹಿಂದಿನಿಂದ ಮುಂದಕ್ಕೆ ಸುರುಳಿ ಸುತ್ತಿ. ಮತ್ತೆ ಹಾಕುವಾಗ ಸುರುಳಿಯನ್ನು ಬಾನೆಟ್ಟಿನ ಮೇಲಿಟ್ಟು ಹಿಂದಕ್ಕೆ ಬಿಚ್ಚುತ್ತಾ ಹೋದರಾಯಿತು, ಒಬ್ಬರೇ ಹಾಕಬಹುದು. ಗುರುತಿಗಾಗಿ ಮುಂದಿನ ಅಂಚಿಗೆ ಕೆಂಪು ಪಟ್ಟಿ ಹೊಲಿದಿರುತ್ತೇವೆ.

ಒಗೆಯಲು ತಣ್ಣೀರು, ಮೃದುವಾದ ಸೋಪು ಸಾಕು. ಬ್ಲೀಚ್ ಬೇಡ. ಬಟ್ಟೆ ಮೆದುಗೊಳಿಸುವ ದ್ರಾವಣವೂ ಬೇಡ. ಅದರ ಜಿಡ್ಡು ಉಳಿದು ಬಟ್ಟೆಯ ನೀರು ತಡೆಯುವ ಗುಣ ಕುಗ್ಗುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿ ಮಡಚಿಡಿ. ಎಷ್ಟು ಜೋಪಾನ ಮಾಡಿದರೂ ಹೊರಗಿನ ಕವರ್ ಸವೆಯುವ ವಸ್ತುವೇ. ಕಾರಿನ ಬಣ್ಣ ತಿನ್ನಬೇಕಾದ ಬಿಸಿಲನ್ನು ಅದು ತಾನು ತಿನ್ನುತ್ತಿರುತ್ತದೆ. ಹೊರಮೈ ಉಜ್ಜಿದಾಗ ಬೆರಳಿಗೆ ಪುಡಿ ಹತ್ತಿತೆಂದರೆ ಬದಲಿಸುವ ಕಾಲ ಬಂತೆಂದು ತಿಳಿಯಿರಿ.

ಈಗಾಗಲೇ ನಮ್ಮಿಂದ ಪಿವಿಸಿ ಕವರ್ ಕೊಂಡವರು ಅದನ್ನು ಎಸೆಯಬೇಕಿಲ್ಲ. ಒಣ ಹವೆಯಿರುವ ದಿನ ಕೆಲವು ಗಂಟೆ ತೆಗೆದಿಟ್ಟು ಕಾರನ್ನೂ ಕವರಿನ ಒಳಮೈಯನ್ನೂ ಗಾಳಿಗೆ ಒಡ್ಡಿ. ತಂದುಕೊಟ್ಟರೆ ಎರಡೂ ಪಕ್ಕದಲ್ಲಿ ಮಳೆ ನುಗ್ಗದಂಥ ಮುಚ್ಚಳವಿರುವ ಗಾಳಿಕಿಂಡಿ ಹೊಲಿದುಕೊಡುತ್ತೇವೆ. ಪೂರ್ತಿ ಪರಿಹಾರವಲ್ಲದಿದ್ದರೂ ಹಬೆ ಸಾಕಷ್ಟು ಕಡಿಮೆಯಾಗುತ್ತದೆ. ಹಳೆಯ ಕವರುಗಳ ಹರಕು ಹೊಲಿಯುವುದು, ಎಲಾಸ್ಟಿಕ್ ಬದಲಿಸುವುದು ಎಂದಿನಂತೆ ನಡೆಯುತ್ತದೆ. ಈ ತಿಂಗಳ ಕೊನೆಯೊಳಗೆ ಹೇಳಿಟ್ಟ ಪಿವಿಸಿ ಆರ್ಡರುಗಳನ್ನು ಒಪ್ಪಿಕೊಂಡಂತೆಯೇ ಪೂರೈಸುತ್ತೇವೆ. ಬಟ್ಟೆ ಬದಲಿಸಿಕೊಳ್ಳಬೇಕೆನಿಸಿದರೆ ಕತ್ತರಿಸುವ ಮೊದಲು ತಿಳಿಸಿ.

ಹೊಸ ಆರ್ಡರಿಗೆ ಕಾರಿನ ಮಾದರಿ, ತಯಾರಾದ ವರ್ಷ, ಟಾಪಿನ ಮೇಲೆ ಕ್ಯಾರಿಯರ್ ಅಥವಾ ಉದ್ದ ಆಂಟೆನಾ ಇದೆಯೇ ಎಂಬ ವಿವರ ಬೇಕು. ಹಳೆಯ ಅಥವಾ ಮಾರ್ಪಡಿಸಿದ ಕಾರಾದರೆ ಮೂರು ಅಳತೆ ತೆಗೆದು ಕಳಿಸಿ: ಮುಂದಿನ ಬಂಪರಿನ ತುದಿಯಿಂದ ಹಿಂದಿನ ಬಂಪರಿನ ತುದಿಗೆ ಉದ್ದ, ಕನ್ನಡಿಗಳನ್ನು ಬಿಟ್ಟು ಅಗಲ, ನೆಲದಿಂದ ಟಾಪಿನವರೆಗಿನ ಎತ್ತರ. ಟೇಪನ್ನು ಮೈಯ ಬಾಗಿಗೆ ಒತ್ತದೆ ನೇರ ಹಿಡಿಯಿರಿ. ಬೀದಿಯಲ್ಲಿ ನಿಲ್ಲಿಸುವವರು ನಂಬರ್ ಪ್ಲೇಟಿನ ಎದುರು ಪಾರದರ್ಶಕ ಕಿಟಕಿ, ಬೀಗದ ಕೇಬಲ್ ತೂರಿಸಲು ಲೋಹದ ಬಳೆ ಬೇಕಿದ್ದರೆ ಆಗಲೇ ಬರೆಸಿ. ಹೊಲಿದಾದ ಮೇಲೆ ಕೂರಿಸಿದರೆ ಬಟ್ಟೆಗೆ ಹೆಚ್ಚುವರಿ ತೂತು ಬೀಳುತ್ತದೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸಂಘದ ಹೊಲಿಗೆ ವಿಭಾಗದ ಸದಸ್ಯರು